ಮಾಸಿ ಬೂದಿಬಣ್ಣಕ್ಕೆ ತಿರುಗಿದ ನೆಟ್ ಪರದೆಗಳನ್ನು ಮನೆಯಲ್ಲೇ ಒಗೆಯುವ ಬಗೆ: ಸಮಗ್ರ ಮಾರ್ಗದರ್ಶಿ

ಬಿಳಿಯ ನೆಟ್ ಪರದೆ ದಿನಕ್ಕಿಷ್ಟು ಎಂಬಂತೆ ನಿಧಾನವಾಗಿ ಮಾಸುವುದರಿಂದ ಅದರ ಕೊಳೆ ಮನೆಯವರ ಕಣ್ಣಿಗೆ ಬೀಳುವುದು ತೀರ ತಡವಾಗಿ. ದಸರೆಗೋ ಯುಗಾದಿಗೋ ಮನೆ ಸ್ವಚ್ಛಗೊಳಿಸಲು ಹೊರಟು, ಬಿಳಿ ಗೋಡೆಯ ಪಕ್ಕದಲ್ಲಿ ಪರದೆಯನ್ನು ಹಿಡಿದು ನೋಡಿದಾಗಲೇ ಅದು ಬಿಳಿಯಾಗಿ ಉಳಿದಿಲ್ಲವೆಂಬುದು ಗೊತ್ತಾಗುತ್ತದೆ. ಆಗ ಅವಸರದಲ್ಲಿ ಹೆಚ್ಚಿನವರು ಅದನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಬ್ರಷ್ಷಿನಿಂದ ತಿಕ್ಕುತ್ತಾರೆ, ಇಲ್ಲವೇ ಉಳಿದ ಬಟ್ಟೆಗಳ ಜೊತೆ ವಾಷಿಂಗ್ ಮಷಿನ್ನಿಗೆ ತುರುಕುತ್ತಾರೆ. ಎರಡರಿಂದಲೂ ಪರದೆ ಹಾಳಾಗುತ್ತದೆ. ನೆಟ್ ಬಟ್ಟೆಯಲ್ಲಿ ನೂಲಿಗಿಂತ ತೂತುಗಳೇ ಹೆಚ್ಚು. ಒತ್ತಿ ಉಜ್ಜಿದರೆ ಎಳೆಗಳು ಜರುಗಿ ಕಣ್ಣುಗಳು ಓರೆಯಾಗುತ್ತವೆ, ಒಮ್ಮೆ ಓರೆಯಾದವನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಈ ಬಟ್ಟೆಯ ಕೊಳೆಯನ್ನು ಬಿಡಿಸಬೇಕಾದುದು ನೀರು ಮತ್ತು ಸಮಯ. ಕೈಗೆ ಇರುವ ಕೆಲಸ ಅದ್ದುವುದು, ಎತ್ತುವುದು, ಮೆಲ್ಲಗೆ ಒತ್ತುವುದು, ಇಷ್ಟೇ. ಮುಂದಿನ ಪ್ರತಿಯೊಂದು ಹಂತವೂ ಈ ಮಾತಿನ ಮೇಲೆಯೇ ನಿಂತಿದೆ.

ರಾತ್ರಿ ನೆನೆಹಾಕಿ ಬೆಳಿಗ್ಗೆ ಒಗೆಯುವ ಕೆಲಸವಾದ್ದರಿಂದ ಆಯುಧಪೂಜೆಯ ಹಿಂದಿನ ದಿನ ಇದಕ್ಕೆ ಕೈಹಾಕಬಾರದು. ಹಬ್ಬಕ್ಕೆ ನಾಲ್ಕೈದು ದಿನ ಮೊದಲು, ಬಿಸಿಲು ಬೀಳುವ ಸೂಚನೆಯಿರುವಾಗ, ಒಂದು ಸಲಕ್ಕೆ ಒಂದು ಕೋಣೆಯ ಪರದೆಗಳನ್ನು ಮಾತ್ರ ಇಳಿಸುವುದು ಒಳ್ಳೆಯದು.

ಕೊಳೆ ಎಂಥದು ಎಂಬುದನ್ನು ಮೊದಲು ಗುರುತಿಸಿ

ನೆಟ್ ಪರದೆಯ ಮೇಲೆ ಕೂರುವ ಕೊಳೆಯಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಒಣ ಧೂಳು. ಪಾಲಿಯೆಸ್ಟರ್ ನೂಲಿನಲ್ಲಿ ಗಾಳಿಯ ಓಡಾಟದಿಂದಲೇ ಸ್ಥಾಯಿ ವಿದ್ಯುತ್ತು ಹುಟ್ಟುತ್ತದೆ. ಅದು ರಸ್ತೆಯ ಧೂಳನ್ನೂ ವಾಹನಗಳ ಮಸಿಯನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಎರಡನೆಯದು ಜಿಡ್ಡು. ಒಗ್ಗರಣೆಯ ಹೊಗೆ, ಕರಿಯುವ ಎಣ್ಣೆಯ ಆವಿ, ಊದಿನಕಡ್ಡಿ, ಧೂಪ, ಸೊಳ್ಳೆ ಬತ್ತಿ ಇವೆಲ್ಲ ಸೇರಿ ನೂಲಿನ ಮೇಲೆ ತೆಳ್ಳನೆಯ ಅಂಟು ಪದರವನ್ನು ಹಾಸುತ್ತವೆ, ಆಮೇಲೆ ಬಂದ ಧೂಳು ಆ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ದೇವರ ಕೋಣೆಯ ಪಕ್ಕದ ಕಿಟಕಿಯ ಪರದೆಯೂ ಅಡುಗೆಮನೆಯ ಪರದೆಯೂ ಉಳಿದವಕ್ಕಿಂತ ಬೇಗ ಕಂದುವುದು ಇದರಿಂದಲೇ. ಮೂರನೆಯದನ್ನು ಕೊಳೆ ಎನ್ನುವುದಕ್ಕಿಂತ ಮುಪ್ಪು ಎನ್ನಬೇಕು: ಬಿಳಿ ಬಟ್ಟೆಗೆ ತಯಾರಿಕೆಯಲ್ಲೇ ಹಾಕಿದ ಹೊಳಪುಕಾರಕಗಳು ವರ್ಷಗಟ್ಟಲೆ ಬಿಸಿಲಿಗೆ ಬಿದ್ದು ಶಕ್ತಿ ಕಳೆದುಕೊಳ್ಳುತ್ತವೆ, ನೂಲು ಕೂಡ ನಿಧಾನವಾಗಿ ಹಳದಿಗೆ ತಿರುಗುತ್ತದೆ.

ಧೂಳು ಬರಿಯ ನೀರಿಗೆ ಹೋಗುತ್ತದೆ, ಜಿಡ್ಡಿಗೆ ಸೋಡಾ ಮತ್ತು ಡಿಟರ್ಜೆಂಟ್ ಬೇಕು, ಮುಪ್ಪಿನ ಹಳದಿ ಪೂರ್ತಿಯಾಗಿ ಯಾವುದಕ್ಕೂ ಹೋಗುವುದಿಲ್ಲ. ನಿಮ್ಮ ಪರದೆಗೆ ಹಿಡಿದಿರುವುದು ಯಾವುದೆಂದು ತಿಳಿಯಲು ಕೆಳಗಿನ ಮಡಚಿ ಹೊಲಿದ ಅಂಚನ್ನು ಸ್ವಲ್ಪ ಬಿಡಿಸಿ, ಒಳಮಡಿಕೆಯ ಬಟ್ಟೆಯನ್ನು ಪರದೆಯ ನಡುಭಾಗದೊಂದಿಗೆ ಹೋಲಿಸಿ ನೋಡಿ. ಒಳಗೆ ಬಿಳಿಯಾಗಿದ್ದು ಹೊರಗೆ ಬೂದಿಯಾಗಿದ್ದರೆ ಬಹುಪಾಲು ಧೂಳು ಮತ್ತು ಜಿಡ್ಡು. ಒಗೆತಕ್ಕೆ ಒಳ್ಳೆಯ ಫಲ ಸಿಗುತ್ತದೆ. ಒಳಮಡಿಕೆಯೂ ಕೆನೆಬಣ್ಣಕ್ಕೆ ತಿರುಗಿದ್ದರೆ, ಪರದೆ ಶುಭ್ರವಾಗುತ್ತದೆ ಆದರೆ ಅಂಗಡಿಯಿಂದ ತಂದ ದಿನದ ಬಿಳುಪು ಮರಳಿ ಬರಲಾರದು ಎಂದು ಮೊದಲೇ ಒಪ್ಪಿಕೊಂಡು ಮುಂದುವರಿಯಬೇಕು. ಇದು ತಿಳಿಯದೆ ಮತ್ತೆ ಮತ್ತೆ ಖಾರವಾದ ಬ್ಲೀಚ್ ಸುರಿಯುವುದರಿಂದಲೇ ಎಷ್ಟೋ ಪರದೆಗಳು ಹರಿಯುತ್ತವೆ.

ಬಟ್ಟೆಯ ಜಾತಿ ಮತ್ತು ಅದರ ಗಟ್ಟಿತನ

ಇಂದು ನಮ್ಮ ಅಂಗಡಿಗಳಲ್ಲಿ ಐದಡಿ, ಏಳಡಿ, ಒಂಬತ್ತಡಿ ಅಳತೆಯಲ್ಲಿ ಸಿದ್ಧವಾಗಿ ಸಿಗುವ ನೆಟ್ ಪರದೆಗಳು ಹೆಚ್ಚಾಗಿ ಪಾಲಿಯೆಸ್ಟರಿನವು. ಹಳೆಯ ಮನೆಗಳಲ್ಲಿ ನೈಲಾನ್ ನೆಟ್ಟೂ, ಹತ್ತಿಯ ಲೇಸೂ, ಕೈಯಿಂದ ಹೆಣೆದ ಕ್ರೋಶಾ ಪರದೆಗಳೂ ಉಳಿದಿರುತ್ತವೆ. ಒಳಬದಿಯ ಲೇಬಲ್ ಅಳಿಸಿಹೋಗಿದ್ದರೆ ಅಂಚಿನ ಹೊಲಿಗೆಯ ಒಳಗಿನಿಂದ ಬಟ್ಟೆಯದೇ ಒಂದೆರಡು ಎಳೆಗಳನ್ನು ಕತ್ತರಿಸಿಕೊಂಡು, ಚಿಮಟದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿಗೆ ಒಡ್ಡಿ. ಹತ್ತಿ ಕಾಗದದ ವಾಸನೆ ಬೀರುತ್ತ ಉರಿದು ಮೆತ್ತನೆಯ ಬೂದಿಯಾಗುತ್ತದೆ; ಪಾಲಿಯೆಸ್ಟರ್ ಮತ್ತು ನೈಲಾನ್ ಮುದುಡಿ ಕರಗಿ, ತಣಿದ ಮೇಲೆ ಗಟ್ಟಿಯಾದ ಮಣಿಯಾಗುತ್ತವೆ. ಕರಗಿದ ಹನಿ ಚರ್ಮಕ್ಕೆ ಅಂಟಿ ಸುಡುತ್ತದೆಯಾದ್ದರಿಂದ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳದೆ ಈ ಪರೀಕ್ಷೆ ಮಾಡಬೇಕು.

ಗಟ್ಟಿತನದ ಪರೀಕ್ಷೆ ಇದಕ್ಕಿಂತ ಮುಖ್ಯ. ಬಿಸಿಲು ಹೆಚ್ಚು ಬೀಳುವ ಕಡೆಯ ಬಟ್ಟೆಯನ್ನು ಎರಡು ಕೈಗಳ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಒಂದಿಂಚು ಅಂತರದಲ್ಲಿ, ಮೆಲ್ಲಗೆ ಎಳೆದು ನೋಡಿ. ಸ್ವಲ್ಪವೇ ಎಳೆದರೂ ಎಳೆಗಳು ಚಿಟಚಿಟನೆ ಹರಿದರೆ ಬಿಸಿಲು ಅದನ್ನು ಒಳಗಿನಿಂದ ತಿಂದುಹಾಕಿದೆ ಎಂದರ್ಥ. ಅಂಥದನ್ನು ಮಷಿನ್ನಿಗೆ ಹಾಕಲೇಬಾರದು, ಟಬ್ಬಿನಲ್ಲಿ ನೆನೆಸುವುದಷ್ಟಕ್ಕೇ ನಿಲ್ಲಿಸಬೇಕು. ಪಾಲಿಯೆಸ್ಟರಿಗಿಂತ ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ.

ಜರಿ, ಮಣಿ, ಕಸೂತಿಯ ಭಾರೀ ಕೆಲಸ ಇರುವ ಪರದೆಗಳನ್ನೂ ರೇಷ್ಮೆಯ ಆರ್ಗಂಜಾವನ್ನೂ ಈ ಕ್ರಮದಲ್ಲಿ ಒಗೆಯಬಾರದು. ಅವನ್ನು ಡ್ರೈಕ್ಲೀನಿಂಗಿಗೆ ಕೊಡಿ.

ನೀರು ಮತ್ತು ಸಾಮಾನು

ಬೇಕಾಗುವುದು ದೊಡ್ಡದೊಂದು ಪ್ಲಾಸ್ಟಿಕ್ ಟಬ್ಬು ಅಥವಾ 20 ಲೀಟರಿನ ಬಕೆಟ್ಟು, ಕೈಗವಸು, ಹಳೆಯ ದಿಂಬಿನ ಕವರ್, ದೊಡ್ಡ ಟವಲ್ಲು, ಒಳ್ಳೆಯ ಡಿಟರ್ಜೆಂಟ್ ಪುಡಿ ಅಥವಾ ದ್ರಾವಣ, ಬಟ್ಟೆ ಸೋಡಾ, ಪಾತ್ರೆ ತೊಳೆಯುವ ದ್ರಾವಣ ಸ್ವಲ್ಪ. ಬಟ್ಟೆ ಸೋಡಾ ಎಂದರೆ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಇಡ್ಲಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಬೇರೆ. ಅದರ ಕ್ಷಾರಗುಣ ತೀರ ಸೌಮ್ಯವಾದ್ದರಿಂದ ಜಿಡ್ಡಿನ ಮೇಲೆ ಅದರ ಆಟ ನಡೆಯುವುದಿಲ್ಲ. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಬುರುಬುರು ನೊರೆ ಎಬ್ಬಿಸುವ ಉಪಾಯವನ್ನು ಅನೇಕರು ಹೇಳುತ್ತಾರೆ. ನೋಡಲು ಅದು ಚೆನ್ನ. ಆದರೆ ಕ್ಷಾರ ಆಮ್ಲಗಳು ಒಂದನ್ನೊಂದು ತಟಸ್ಥಗೊಳಿಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು, ಅದರಿಂದ ಪರದೆಗೆ ಯಾವ ಉಪಕಾರವೂ ಇಲ್ಲ.

ನೀರಿನ ಗಡಸುತನಕ್ಕೆ ಇಲ್ಲಿ ವಿಶೇಷ ಗಮನ ಕೊಡಬೇಕು, ಏಕೆಂದರೆ ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಪರದೆ ಬೂದಿಯಾಗುವುದಕ್ಕೆ ರಸ್ತೆಯ ಧೂಳಿನಷ್ಟೇ ಕೊಳವೆಬಾವಿಯ ನೀರೂ ಕಾರಣ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲ ಇಲ್ಲದಿದ್ದಲ್ಲಿ 600ರವರೆಗೆ ಸಹ್ಯವೆಂದೂ ಹೇಳುತ್ತದೆ. ಬಟ್ಟೆಯ ಮಟ್ಟಿಗೆ 200 ಕೂಡ ಗಡಸೇ. ಇಂಥ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಮೊಸರಿನಂಥ ಗಸಿಯಾಗಿ ನೂಲಿಗೆ ಅಂಟುತ್ತವೆ, ಒಣಗಿದ ಮೇಲೆ ಆ ಗಸಿಯೇ ಬೂದಿಬಣ್ಣವಾಗಿ ಕಾಣಿಸುತ್ತದೆ. ಆದ್ದರಿಂದ ನೆಟ್ ಪರದೆಗೆ ಬಟ್ಟೆ ಸೋಪಿನ ಬಾರನ್ನು ಉಜ್ಜುವುದೇ ಬೇಡ; ಡಿಟರ್ಜೆಂಟ್ ಬಳಸಿ, ಅದಕ್ಕೂ ಮೊದಲು ನೀರಿಗೆ ಸೋಡಾ ಬೆರೆಸಿ. ನಿಮ್ಮ ನೀರು ಗಡಸೋ ಅಲ್ಲವೋ ಎಂಬುದು ಗೊತ್ತಿಲ್ಲದಿದ್ದರೆ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸೋಪಿನ ಒಂದೆರಡು ಚೂರು ಹಾಕಿ ಕುಲುಕಿ. ನೊರೆ ಉಕ್ಕಿ ನಿಂತರೆ ಮೃದು ನೀರು. ನೊರೆ ಏಳದೆ ನೀರು ಬಿಳುಚಿ ಮೇಲೆ ಗಸಿ ತೇಲಿದರೆ ಗಡಸು. ಮನೆಯಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಎರಡೂ ಬರುವವರು ಕೊನೆಯ ಅಲುಬಿಗಾದರೂ ಕಾವೇರಿ ನೀರನ್ನು ಎತ್ತಿಟ್ಟುಕೊಳ್ಳಬೇಕು. ಸಂಗ್ರಹಿಸಿದ ಮಳೆನೀರು ಸಿಕ್ಕಿದರಂತೂ ಅದಕ್ಕಿಂತ ಉತ್ತಮವಾದುದಿಲ್ಲ.

ಹಂತ 1: ಇಳಿಸಿ, ಕೊಡಹಿ, ಕಟ್ಟಿ

ಪರದೆ ಇನ್ನೂ ರಾಡಿನಲ್ಲಿ ಇರುವಾಗಲೇ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಮೆತ್ತನೆಯ ಬ್ರಷ್ಷಿನ ಮೂತಿಯನ್ನು ಕಡಿಮೆ ವೇಗದಲ್ಲಿ ಮೇಲಿನಿಂದ ಕೆಳಕ್ಕೆ ಆಡಿಸಿ. ಇಲ್ಲದಿದ್ದರೆ ಇಳಿಸಿ, ಮಹಡಿಯ ಮೇಲೆ ಇಬ್ಬರು ತುದಿಗಳನ್ನು ಹಿಡಿದು ಮೆಲ್ಲಗೆ ಕೊಡಹಿದರೆ ಸಾಕು. ದಮ್ಮು, ಅಲರ್ಜಿ ಇರುವವರು ಮಾಸ್ಕ್ ಹಾಕಿಕೊಳ್ಳಬೇಕು. ಈ ಒಣ ಕೆಲಸವನ್ನು ಬಿಟ್ಟು ನೇರವಾಗಿ ನೀರಿಗೆ ಹಾಕಿದರೆ ಧೂಳು ಕೆಸರಾಗಿ ಕಣ್ಣುಗಳಲ್ಲಿ ಕೂರುತ್ತದೆ.

ಕೊಕ್ಕೆಗಳು, ಪಿನ್ನುಗಳು, ಕೆಳ ಅಂಚಿನಲ್ಲಿ ತೂಕಕ್ಕಾಗಿ ಹಾಕಿದ ಸರ ಇವನ್ನೆಲ್ಲ ತೆಗೆದಿಡಿ. ಬಟ್ಟೆಗೇ ಕೂಡಿಸಿದ ಸ್ಟೀಲ್ ಬಳೆಗಳಿರುವ ಪರದೆಯಾದರೆ ಬಳೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಲಾಡಿಯಿಂದ ಸಡಿಲವಾಗಿ ಕಟ್ಟಿ, ಹಳೆಯ ಕಾಲುಚೀಲವೊಂದನ್ನು ಅವುಗಳ ಮೇಲೆ ಎಳೆದುಬಿಡಿ. ಲೋಹದ ಅಂಚಿಗೆ ನೆಟ್ ಸಿಕ್ಕಿ ಹರಿಯುವುದು ಇದರಿಂದ ತಪ್ಪುತ್ತದೆ. ಸಣ್ಣ ಹರಿದ ಕಡೆಗಳನ್ನು ಒಗೆಯುವ ಮೊದಲೇ ನಾಲ್ಕು ಹೊಲಿಗೆ ಹಾಕಿ ಕೂಡಿಸಿ, ಒದ್ದೆ ಭಾರಕ್ಕೆ ಬೆರಳಗಲದ ತೂತು ಗೇಣಗಲವಾಗುತ್ತದೆ. ಆಮೇಲೆ ಪರದೆಯನ್ನು ಉದ್ದಕ್ಕೆ ನೆರಿಗೆ ಹಿಡಿದ ಹಾಗೆ ಮಡಚಿ, ಹಾಗೆಯೇ ಅಡ್ಡಕ್ಕೂ ಮಡಚಿ. ಈ ಮಡಿಕೆಯನ್ನು ಅಲುಬು ಮುಗಿಯುವವರೆಗೂ ಬಿಚ್ಚದೆ ಮಡಿಕೆಯಾಗಿಯೇ ಅದ್ದಿ ಎತ್ತಿದರೆ ಸಿಕ್ಕೂ ಆಗದು, ಸುಕ್ಕೂ ಕಡಿಮೆ.

ಹಂತ 2: ಬರಿಯ ನೀರು

ಇದೇ ಅತಿ ಮುಖ್ಯವಾದ ಹಂತ, ಜನ ಹೆಚ್ಚಾಗಿ ಬಿಟ್ಟುಬಿಡುವ ಹಂತವೂ ಇದೇ. ಎಣ್ಣೆ ಅಥವಾ ಬೂಷ್ಟಿನ ಕಲೆಯಿರುವ ಪರದೆಯಾದರೆ ನೀರಿಗೆ ಹಾಕುವ ಮುನ್ನ ಮೂರನೆಯ ಹಂತವನ್ನು ಓದಿಕೊಳ್ಳಿ. ಟಬ್ಬಿಗೆ ತಣ್ಣೀರು ತುಂಬಿ, ಅದಕ್ಕೆ ಏನನ್ನೂ ಬೆರೆಸದೆ, ಮಡಚಿದ ಪರದೆಯನ್ನು ಮುಳುಗಿಸಿ. ಅಂಗೈಯಿಂದ ನಾಲ್ಕೈದು ಸಲ ಒತ್ತಿ ಬಿಟ್ಟು ಅರ್ಧ ಗಂಟೆ ಇಡಿ. ರಸ್ತೆಗೆ ಮುಖಮಾಡಿದ ಕಿಟಕಿಯ ಪರದೆಯಾದರೆ ಮೊದಲ ನೀರು ತಿಳಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದು, ತಳದಲ್ಲಿ ಸಣ್ಣ ಕಪ್ಪು ಮರಳು ಕೂತಿರುತ್ತದೆ. ಪರದೆಯನ್ನು ಎತ್ತಿ, ನೀರು ಚೆಲ್ಲಿ, ತಳದ ಮರಳನ್ನು ತೊಳೆದು ಮತ್ತೆ ಹೊಸ ನೀರು ತುಂಬಿ. ಹೀಗೆ ನೀರಿನಲ್ಲಿ ಟಬ್ಬಿನ ತಳ ಸ್ಪಷ್ಟವಾಗಿ ಕಾಣುವವರೆಗೆ ಮಾಡಬೇಕು; ಸಾಮಾನ್ಯವಾಗಿ ಮೂರು ನೀರು, ತೀರ ಕೊಳೆಯಾದುದಕ್ಕೆ ಐದು ನೀರು ಹಿಡಿಯುತ್ತದೆ. ಸೋಪು ಹಾಕುವ ಮುನ್ನವೇ ಧೂಳು ಹೊರಟುಹೋದರೆ ಡಿಟರ್ಜೆಂಟಿನ ಶಕ್ತಿಯೆಲ್ಲ ಜಿಡ್ಡಿಗೆ ಸಿಗುತ್ತದೆ. ಧೂಳಿರುವಾಗಲೇ ಸೋಪು ಹಾಕಿದರೆ ಆ ಕೊಳಕು ನೀರನ್ನೇ ಬಟ್ಟೆ ಮತ್ತೆ ಕುಡಿದು ಒಂದೇ ಸಮನಾದ ಬೂದಿಬಣ್ಣಕ್ಕೆ ತಿರುಗುತ್ತದೆ.

ಈ ನೀರಿನಲ್ಲಿ ಮಣ್ಣು ಮಸಿಗಳಲ್ಲದೆ ಬೇರೇನೂ ಇಲ್ಲದಿರುವುದರಿಂದ ಅಂಗಳ ತೊಳೆಯಲು, ತೆಂಗಿನ ಬುಡಕ್ಕೆ ಹಾಕಲು ಧಾರಾಳವಾಗಿ ಬಳಸಬಹುದು. ಮುಂದಿನ ಹಂತದ ಸೋಡಾ ನೀರು ಮಾತ್ರ ಗಿಡಗಳಿಗೆ ಬೇಡ. ಅದನ್ನು ಟಾಯ್ಲೆಟ್ಟಿಗೆ ಸುರಿಯಲು ತೆಗೆದಿಡಿ.

ಹಂತ 3: ಕಲೆಗಳನ್ನು ಬೇರೆಯಾಗಿ ನೋಡಿಕೊಳ್ಳಿ

ಅಡುಗೆಮನೆಯ ಪರದೆಯ ಎಣ್ಣೆ ಕಲೆಗಳ ವಿಷಯ ಸ್ವಲ್ಪ ಬೇರೆ: ಅವುಗಳಿಗೆ ಬಟ್ಟೆ ನೀರಿಗೆ ಬೀಳುವ ಮೊದಲೇ, ಒಣಗಿದ್ದಾಗಲೇ ಪಾತ್ರೆ ತೊಳೆಯುವ ದ್ರಾವಣವನ್ನು ಬೆರಳ ತುದಿಯಿಂದ ಹಚ್ಚಿ 20 ನಿಮಿಷ ಬಿಡಬೇಕು. ಪಾಲಿಯೆಸ್ಟರಿಗೂ ಎಣ್ಣೆಗೂ ಬಲು ನಂಟು; ನೀರು ನಡುವೆ ಬಂದರೆ ದ್ರಾವಣ ತೆಳುವಾಗಿ ಜಿಡ್ಡನ್ನು ಬಿಡಿಸಲಾರದು.

ಮಳೆಗಾಲದಲ್ಲಿ ಕಿಟಕಿಯ ಕಬ್ಬಿಣದ ಸರಳುಗಳಿಗೆ ತಗುಲಿ ಬಂದ ತುಕ್ಕಿನ ಗೆರೆಗಳಿಗೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಬರಿಯ ನೀರಿನ ಹಂತ ಮುಗಿದ ಮೇಲೆ ಆ ಜಾಗಕ್ಕೆ ನಿಂಬೆರಸವನ್ನು ಹಚ್ಚಿ, ಚಿಟಿಕೆ ಉಪ್ಪು ಉದುರಿಸಿ, ಒಂದು ಗಂಟೆ ಬಿಸಿಲಿನಲ್ಲಿಟ್ಟು, ಚೆನ್ನಾಗಿ ತೊಳೆಯಿರಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಕರಾವಳಿ, ಮಲೆನಾಡುಗಳಲ್ಲಿ ಕಾಣುವ ಬೂಷ್ಟಿನ ಕರಿ ಚುಕ್ಕೆಗಳನ್ನು ಒಣಗಿದ್ದಾಗಲೇ ಹೊರಗೆ ಕೊಡಹಿ, ಉಳಿದದ್ದನ್ನು ಐದನೆಯ ಹಂತದ ಆಕ್ಸಿಜನ್ ಬ್ಲೀಚಿಗೆ ಬಿಡಿ.

ಇನ್ನು ಅರಿಶಿನ. ಅಡುಗೆ ಮಾಡುತ್ತ ಅರಿಶಿನದ ಕೈ ಪರದೆಗೆ ತಾಕಿದ್ದು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ, ಸೋಡಾ ನೀರಿಗೆ ಹಾಕಿದೊಡನೆ ಅಲ್ಲಿ ಕುಂಕುಮದಂಥ ಕೆಂಪು ಬೆರಳ ಗುರುತುಗಳು ಏಳುತ್ತವೆ. ಇದರಿಂದ ಗಾಬರಿಯಾಗಬೇಕಿಲ್ಲ. ಅರಿಶಿನ ಕ್ಷಾರ ತಾಕಿದರೆ ಕೆಂಪಾಗುತ್ತದೆ. ಕ್ಷಾರ ತೊಳೆದುಹೋದ ಮೇಲೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿಯನ್ನು ತೆಗೆಯಲು ಬಿಸಿಲಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಣಗಿಸುವಾಗ ಆ ಭಾಗಕ್ಕೆ ನೇರ ಬಿಸಿಲು ಬೀಳುವಂತೆ ನೋಡಿಕೊಂಡರೆ ಅದು ತಾನಾಗಿ ಮಾಯುತ್ತ ಬರುತ್ತದೆ.

ಹಂತ 4: ಸೋಡಾ ಮತ್ತು ಡಿಟರ್ಜೆಂಟಿನ ನೆನೆ

ಈ ಹಂತಕ್ಕೆ ಸುಮಾರು 40 ಡಿಗ್ರಿಯ, ಅಂದರೆ ಕೈಗೆ ಹಿತವಾಗಿ ಬೆಚ್ಚಗಿರುವ ನೀರು ಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಲೆಕ್ಕ ಸುಲಭ: 8 ಲೀಟರ್ ನಲ್ಲಿಯ ನೀರಿಗೆ 2 ಲೀಟರ್ ಕುದಿಯುವ ನೀರು ಬೆರೆಸಿದರೆ ಹೆಚ್ಚುಕಡಿಮೆ ಆ ಬಿಸಿ ಬರುತ್ತದೆ. ಇದಕ್ಕಿಂತ ಬಿಸಿ ಮಾಡುವ ಆಸೆಗೆ ಬೀಳಬೇಡಿ. ಪಾಲಿಯೆಸ್ಟರ್ ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಆಗ ಮಡಿಕೆಯಲ್ಲಿದ್ದು ಆಮೇಲೆ ತಣ್ಣೀರಿಗೆ ಬಿದ್ದರೆ ಆ ಮಡಿಕೆಯ ಗೆರೆಗಳೇ ಇಸ್ತ್ರಿ ಹೊಡೆದಂತೆ ಕೂತುಬಿಡುತ್ತವೆ.

10 ಲೀಟರ್ ನೀರಿಗೆ ಮೊದಲು ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ ಪೂರ್ತಿ ಕರಗಿಸಿ; ನೀರು ತೀರ ಗಡಸಾದರೆ ಎರಡು ಚಮಚ. ಐದು ನಿಮಿಷ ಕಳೆದ ಮೇಲೆ ಎರಡು ದೊಡ್ಡ ಚಮಚ ಡಿಟರ್ಜೆಂಟ್ ಬೆರೆಸಿ. ಪುಡಿ ಕರಗುವ ಮೊದಲು ಪರದೆ ಹಾಕಿದರೆ ಕಾಳುಗಳು ನೆಟ್ಟಿನ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸೋಡಾ ಚರ್ಮವನ್ನು ಬಿರಿಯಿಸುವುದರಿಂದ ಕೈಗವಸು ಇರಲಿ. ಪರದೆಯನ್ನು ಮುಳುಗಿಸಿ, ಮೊದಲ ಒಂದು ಗಂಟೆಯಲ್ಲಿ ಮೂರು ನಾಲ್ಕು ಸಲ ಎತ್ತಿ ಅದ್ದಿ, ಆಮೇಲೆ ಎರಡು ಗಂಟೆ ಬಿಟ್ಟುಬಿಡಿ. ನೀರು ಹಳದಿ ಕಂದಾಗಿ ಜಿಡ್ಡಿನ ವಾಸನೆ ಬಂದರೆ ಸೋಡಾ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆ ನೀರನ್ನು ಚೆಲ್ಲಿ ಇದೇ ಅಳತೆಯಲ್ಲಿ ಇನ್ನೊಮ್ಮೆ ನೆನೆಸಿ. ಅಳತೆ ಹೆಚ್ಚಿಸುವುದಕ್ಕಿಂತ ನೀರು ಬದಲಿಸುವುದೇ ಮೇಲು. ಡಿಟರ್ಜೆಂಟ್ ಹೆಚ್ಚಾದಷ್ಟೂ ಅದನ್ನು ತೆಗೆಯಲು ನೀರು ಹೆಚ್ಚು ಬೇಕು, ತೆಗೆಯದೆ ಉಳಿದದ್ದು ಮತ್ತೆ ಧೂಳಿಗೆ ಅಂಟಾಗುತ್ತದೆ.

ಹಂತ 5: ಇನ್ನೂ ಮಾಸಲು ಉಳಿದಿದ್ದರೆ

ಬಿಳಿಯ ಪರದೆಗೆ ಇನ್ನೂ ಬಿಳುಪು ಬೇಕೆನಿಸಿದರೆ ಆಕ್ಸಿಜನ್ ಬ್ಲೀಚ್ ಬಳಸಿ. ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಎಂದಿರುವುದನ್ನು ನೋಡಿ. ಅದು ನೀರಿನಲ್ಲಿ ಕರಗಿ ಹೈಡ್ರೋಜನ್ ಪೆರಾಕ್ಸೈಡನ್ನು ಬಿಟ್ಟುಕೊಡುತ್ತದೆ, ಬಣ್ಣವನ್ನು ಕಳೆಯುವುದು ಅದೇ. 10 ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 50 ಗ್ರಾಂ ಹಾಕಿ ಕರಗಿಸಿ, ಪರದೆಯನ್ನು ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಮೇಲೆ ತೇಲುವ ಭಾಗ ಬೇರೆ ಬಣ್ಣಕ್ಕೆ ಉಳಿಯುವುದರಿಂದ ತಟ್ಟೆಯೊಂದನ್ನು ಕವುಚಿ ಅದುಮಿಡಬೇಕು, ಲೋಹದ ಬಳೆಗಳನ್ನು ಮಾತ್ರ ನೀರಿನಿಂದ ಹೊರಗೆ ಇಳಿಬಿಡಬೇಕು. ದ್ರಾವಣವನ್ನು ಮುಚ್ಚಳ ಬಿಗಿದ ಡಬ್ಬದಲ್ಲಿ ಎತ್ತಿಡಬಾರದು. ಅದರಿಂದ ಅನಿಲ ಬರುತ್ತಲೇ ಇರುತ್ತದೆ. ಬಣ್ಣದ ಪರದೆಯಾದರೆ ಒಳ ಅಂಚಿನ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ.

ಕ್ಲೋರಿನ್ ಬ್ಲೀಚ್, ಅಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ನೆಟ್ ಪರದೆಗೆ ಬಳಸಲೇಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೈಲಾನನ್ನು ಅದು ಹಳದಿ ಮಾಡಿ ಬಲಗುಂದಿಸುತ್ತದೆ, ಪಾಲಿಯೆಸ್ಟರಿನ ಹೊಳಪುಕಾರಕಗಳನ್ನು ಕೆಡಿಸುತ್ತದೆ, ಹಳೆಯ ಹತ್ತಿಯನ್ನು ತಿನ್ನುತ್ತದೆ. ಅದಕ್ಕಿಂತ ಗಂಭೀರವಾದ ಮಾತೊಂದಿದೆ: ಟಾಯ್ಲೆಟ್ ತೊಳೆಯುವ ಆಸಿಡ್ ದ್ರಾವಣ, ವಿನೆಗರ್, ನಿಂಬೆರಸ ಇವುಗಳಲ್ಲಿ ಯಾವುದನ್ನಾದರೂ ಕ್ಲೋರಿನ್ ಬ್ಲೀಚಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಬಚ್ಚಲು ತೊಳೆದು ಹಾಗೆಯೇ ಪರದೆ ನೆನೆಹಾಕುವ ಅಭ್ಯಾಸವಿದ್ದವರು ನೆಲಕ್ಕೆ ಯಾವ ದ್ರಾವಣ ಹಾಕಿದ್ದೇವೆಂಬುದನ್ನು ನೆನಪಿಟ್ಟುಕೊಳ್ಳಬೇಕು.

ಮಷಿನ್ನಿನಲ್ಲಿ ಹಾಕಲೇಬೇಕೆಂದರೆ

ಎರಡನೆಯ ಹಂತದ ಬರಿಯ ನೀರು ಮುಗಿದ ಮೇಲೆ, ಗಟ್ಟಿಯಾಗಿರುವ ಪಾಲಿಯೆಸ್ಟರ್ ಪರದೆಯನ್ನು ದಿಂಬಿನ ಕವರಿನೊಳಗೆ ಹಾಕಿ, ಬಾಯಿ ಕಟ್ಟಿ, ಫ್ರಂಟ್ ಲೋಡ್ ಮಷಿನ್ನಿನಲ್ಲಿ ಡೆಲಿಕೇಟ್ ಎಂಬ ಕ್ರಮದಲ್ಲಿ 30 ಡಿಗ್ರಿಯಲ್ಲಿ ಒಗೆಯಬಹುದು. ಡ್ರಮ್ಮು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಜೊತೆಗೆ ಜೀನ್ಸು, ಟವಲ್ಲು ಯಾವುದೂ ಬೇಡ. ಸ್ಪಿನ್ನನ್ನು ತೆಗೆದುಬಿಡಿ, ಅಥವಾ ನಿಮಿಷಕ್ಕೆ 400 ಸುತ್ತಿನಲ್ಲಿ ಇಡಿ. ಟಾಪ್ ಲೋಡ್ ಮತ್ತು ಸೆಮಿ ಆಟೊಮ್ಯಾಟಿಕ್ ಮಷಿನ್ನುಗಳ ತಳದ ಚಕ್ರ ಬಟ್ಟೆಯನ್ನು ತಿರುಚುತ್ತದೆಯಾದ್ದರಿಂದ ಅವನ್ನು ನೆನೆಸುವ ತೊಟ್ಟಿಯಾಗಿ ಮಾತ್ರ ಬಳಸುವುದು ಕ್ಷೇಮ.

ಹಂತ 6: ಅಲುಬುವುದು ಮತ್ತು ನೀಲಿ

ಪರದೆಯನ್ನು ಎತ್ತಿ, ಹಿಂಡದೆ, ಎರಡು ಅಂಗೈಗಳ ನಡುವೆ ಒತ್ತಿ ನೀರಿಳಿಸಿ ಹೊಸ ನೀರಿನಲ್ಲಿ ಅಲುಬಿ. ನೊರೆ ಬರುವುದು ನಿಂತ ಮೇಲೂ ಒಂದು ನೀರು ಹೆಚ್ಚು ಅಲುಬಬೇಕು. ಬೆರಳುಗಳ ನಡುವೆ ಬಟ್ಟೆಯನ್ನು ಜಾರಿಸಿದಾಗ ನುಣುಪು ಹೋಗಿ ಸ್ವಲ್ಪ ತರಿತರಿಯಾಗಿ ತಾಕಿದರೆ ಸೋಡಾ ಪೂರ್ತಿ ಬಿಟ್ಟಿದೆ ಎಂದು ತಿಳಿಯಬಹುದು. ಕೊನೆಯ ಅಲುಬಿಗೆ ಮುಂಚಿನ ನೀರಿಗೆ, 10 ಲೀಟರಿಗೆ ಎರಡು ದೊಡ್ಡ ಚಮಚದಂತೆ, ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರವೂ ಗಡಸು ನೀರಿನ ಗಸಿಯೂ ಇಳಿಯುತ್ತವೆ.

ಬಟ್ಟೆಗೆ ಹಾಕುವ ನೀಲಿಯು ಕೊಳೆಯನ್ನು ತೆಗೆಯುವುದಿಲ್ಲ. ಹಳದಿಯ ಎದುರಿಗೆ ನೀಲಿ ಛಾಯೆಯನ್ನು ನಿಲ್ಲಿಸಿ ಕಣ್ಣಿಗೆ ಬಿಳುಪು ತೋರುವಂತೆ ಮಾಡುತ್ತದೆ. ಆದ್ದರಿಂದ ಅದು ಮುಪ್ಪಿನ ಹಳದಿಗೆ ತಕ್ಕ ಉಪಾಯ, ಕೊಳೆ ಉಳಿದ ಪರದೆಗೆ ಹಾಕಿದರೆ ಬೂದಿಬಣ್ಣ ಇನ್ನೂ ಗಾಢವಾಗುತ್ತದೆ. ಉಜಾಲಾದಂಥ ದ್ರವನೀಲಿಯ ನಾಲ್ಕೈದು ಹನಿಗಳನ್ನು ಬಕೆಟ್ ನೀರಿನಲ್ಲಿ ಚೆನ್ನಾಗಿ ಕಲಸಿ, ಪರದೆಯನ್ನು ಪೂರ್ತಿ ಬಿಚ್ಚಿ ಒಮ್ಮೆಲೇ ಅದ್ದಿ ಎತ್ತಿ. ಮಡಿಕೆಯಲ್ಲಿ ಅದ್ದಿದರೆ ಪಟ್ಟೆಗಳು ಮೂಡುತ್ತವೆ. ನೈಲಾನ್ ನೀಲಿಯನ್ನು ಕೂಡಲೇ ಹೀರಿಕೊಳ್ಳುವುದರಿಂದ ಅದಕ್ಕೆ ಎರಡೇ ಹನಿ ಸಾಕು. ಪಾಲಿಯೆಸ್ಟರ್ ಅಷ್ಟಾಗಿ ಹಿಡಿಯದು, ಹಿಡಿಯಲಿಲ್ಲವೆಂದು ಹನಿ ಹೆಚ್ಚಿಸುತ್ತ ಹೋಗಬಾರದು.

ಹಂತ 7: ಒಣಗಿಸುವುದು

ನೀರು ಸೋರುವವರೆಗೆ ಅರ್ಧ ಗಂಟೆ ಬಚ್ಚಲುಮನೆಯ ಕಂಬಿಗೆ ಇಳಿಬಿಡಿ, ಆಮೇಲೆ ಟವಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ. ಈ ನಡುವಿನ ಸಮಯದಲ್ಲಿ ಕಿಟಕಿಯ ಗಾಜು, ಸರಳು, ಪರದೆಯ ರಾಡು ಇವನ್ನು ಒರೆಸಿಬಿಡಬೇಕು. ಅದಕ್ಕಿಂತಲೂ ಮುಖ್ಯವಾಗಿ ಸೊಳ್ಳೆ ಜಾಲರಿಯನ್ನು ತೊಳೆಯಬೇಕು. ತಿಂಗಳುಗಟ್ಟಲೆ ಧೂಳು ಹಿಡಿದ ಜಾಲರಿಯನ್ನು ಹಾಗೆಯೇ ಬಿಟ್ಟು ಶುಭ್ರವಾದ ಪರದೆಯನ್ನು ಅದರ ಮುಂದೆ ಕಟ್ಟಿದರೆ, ಮೊದಲ ಗಾಳಿಗೇ ಆ ಧೂಳು ಒದ್ದೆ ಬಟ್ಟೆಗೆ ಬಂದು ಮೆತ್ತಿಕೊಳ್ಳುತ್ತದೆ.

ಪಾಲಿಯೆಸ್ಟರ್ ಪರದೆಯನ್ನು ಒದ್ದೆಯಿರುವಾಗಲೇ ಅದರ ರಾಡಿಗೆ ಏರಿಸಿ, ನೆರಿಗೆಗಳನ್ನು ಕೈಯಿಂದ ಸವರಿ ನೇರ ಮಾಡಿ. ನೀರಿನ ಭಾರವೇ ಸುಕ್ಕನ್ನು ಬಿಡಿಸುವುದರಿಂದ ಇಸ್ತ್ರಿಯ ಪ್ರಸಂಗವೇ ಬರುವುದಿಲ್ಲ. ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ರಾಡು ಮರದ್ದಾದರೆ ಅಥವಾ ತುಕ್ಕು ಹಿಡಿದಿದ್ದರೆ ಹೊರಗೆ ಪ್ಲಾಸ್ಟಿಕ್ ಹಗ್ಗದ ಮೇಲೆ ಒಣಗಿಸಿಯೇ ಹಾಕಬೇಕು. ಇಸ್ತ್ರಿ ಬೇಕೇ ಬೇಕೆಂದರೆ ಮೇಲೆ ತೆಳು ಹತ್ತಿಯ ಬಟ್ಟೆ ಹಾಸಿ, ಅತಿ ಕಡಿಮೆ ಬಿಸಿಯಲ್ಲಿ ಆಡಿಸಿ.

ಹತ್ತಿಯ ಲೇಸ್ ಮತ್ತು ಕ್ರೋಶಾ ಪರದೆಗಳು

ಅಜ್ಜಿ, ಅಮ್ಮಂದಿರ ಕೈಯಲ್ಲಿ ಹೆಣೆದು ಬಂದ ಕ್ರೋಶಾ ಪರದೆಗಳನ್ನು ಇನ್ನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ಇವುಗಳಿಗೆ ಸೋಡಾ ಬೇಡ; ಈಜಿ (Ezee) ಎಂಬಂಥ ಸೌಮ್ಯ ಡಿಟರ್ಜೆಂಟ್ ದ್ರಾವಣ ಸಾಕು. ಅಂಟುವಾಳದ ನೊರೆ ರೇಷ್ಮೆಗೆ ಒಳ್ಳೆಯದಾದರೂ ಅದರ ಕಂದು ನೀರು ಬಿಳಿ ಹತ್ತಿಗೆ ಛಾಯೆ ಬಿಡಬಹುದಾದ್ದರಿಂದ ಇಲ್ಲಿ ನಾನು ಅದನ್ನು ಹೇಳುವುದಿಲ್ಲ. ಒದ್ದೆಯಾದ ಹತ್ತಿಯ ಹೆಣಿಗೆ ಬಹಳ ಭಾರವಾಗುತ್ತದೆ. ಒಂದು ಮೂಲೆ ಹಿಡಿದು ಎತ್ತಿದರೆ ಜಗ್ಗಿ ಆಕಾರ ಕೆಡುತ್ತದೆ. ನೀರಿಗೆ ಹಾಕುವಾಗಲೇ ಅಡಿಗೆ ಹಳೆಯ ಪಂಚೆಯನ್ನು ಹಾಸಿ, ಪ್ರತಿ ಸಲವೂ ಆ ಪಂಚೆಯ ಸಮೇತ ಎತ್ತಬೇಕು. ತೆಳುವಾದ ಅನ್ನದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೀರಿಗೆ ಬೆರೆಸಿ ಅದ್ದಿದರೆ ಹೆಣಿಗೆ ನಿಲ್ಲುತ್ತದೆ. ಸೋಸದಿದ್ದರೆ ಕಣ್ಣುಗಳಲ್ಲಿ ಗಂಜಿಯ ಗಂಟುಗಳು ಒಣಗುತ್ತವೆ. ಮಳೆಗಾಲದಲ್ಲಿ ಗಂಜಿ ಹಾಕಿದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ, ಪರದೆಯನ್ನು ಅದರ ಮೂಲ ಅಳತೆಗೆ ಹರಡಿ, ಬೆಳಗಿನ ಎಳೆ ಬಿಸಿಲಿನಲ್ಲಿ ಮಟ್ಟಸವಾಗಿ ಒಣಗಿಸಿ, ತೂಗುಹಾಕಬೇಡಿ.

ಮುಂದಿನ ಒಗೆತದವರೆಗೆ

ಮುಖ್ಯ ರಸ್ತೆಯ ಬದಿಯ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಒಳಗಿನ ಬೀದಿಗಳಲ್ಲಿ ಆರು ತಿಂಗಳಿಗೊಮ್ಮೆ ಒಗೆದರೆ ಮೇಲಿನ ಅಷ್ಟೂ ಹಂತಗಳು ಬೇಕಾಗುವುದಿಲ್ಲ; ಬರಿಯ ನೀರು ಒಂದೆರಡು ಸಲ, ಡಿಟರ್ಜೆಂಟಿನಲ್ಲಿ ಅರ್ಧ ಗಂಟೆ, ಅಲುಬು, ಇಷ್ಟರಲ್ಲಿ ಮುಗಿಯುತ್ತದೆ. ತಿಂಗಳಿಗೊಮ್ಮೆ ರಾಡಿನಲ್ಲೇ ಇರುವಾಗ ಧೂಳು ತೆಗೆಯಿರಿ. ಊದಿನಕಡ್ಡಿ ಮತ್ತು ಸೊಳ್ಳೆ ಬತ್ತಿಯನ್ನು ಕಿಟಕಿಯ ಕೆಳಗೆ ಇಡಬೇಡಿ, ಹೊಗೆಗೂ ಬೆಂಕಿಗೂ ಅದು ಒಳ್ಳೆಯ ಜಾಗವಲ್ಲ. ಗಟ್ಟಿತನದ ಪರೀಕ್ಷೆಯಲ್ಲಿ ಸೋತ ಪರದೆಯನ್ನು ಮತ್ತೆ ಕಿಟಕಿಗೆ ಏರಿಸುವ ಹಟ ಬೇಡ. ಅದರಲ್ಲಿ ಬಿಸಿಲು ಬೀಳದೆ ಉಳಿದ ಮೇಲಿನ ಪಟ್ಟಿ ಮತ್ತು ಮಡಿಕೆಯ ಭಾಗಗಳು ಇನ್ನೂ ಗಟ್ಟಿಯಾಗಿರುತ್ತವೆ, ಅವನ್ನು ಕತ್ತರಿಸಿ ಬಾಯಿಗೆ ಲಾಡಿ ಪೋಣಿಸಿ ಹೊಲಿದರೆ ಈರುಳ್ಳಿ ಬೆಳ್ಳುಳ್ಳಿ ತೂಗುಹಾಕುವ ಚೀಲಗಳಾಗುತ್ತವೆ.